ಬ್ರೇಕ್ ಡಿಸ್ಕ್ ನಿಜಕ್ಕೂ ‘ಬೆಂಡ್’ ಆಗುತ್ತದೆಯೇ?

ಬ್ರೇಕ್ ಒತ್ತಿದಾಗಲೆಲ್ಲ ಕಾರಿನ ಪೆಡಲ್ ಅದುರುತ್ತದೆ, ಸ್ಟೀರಿಂಗ್ ನಡುಗುತ್ತದೆ. ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ: ‘ಡಿಸ್ಕ್ ಬೆಂಡ್ ಆಗಿದೆ, ಲೇತ್‌ಗೆ ಹಾಕಿಸಬೇಕು.’ ಈ ಮಾತು ಎಷ್ಟು ಸರಿ? ನೋಡೋಣ.

ಬಹುತೇಕ ಕಾರುಗಳ ಡಿಸ್ಕ್ ಎರಕದ ಕಬ್ಬಿಣದ್ದು. ಅದು ಬಿಸಿಗೆ ತಟ್ಟೆಯಂತೆ ಡೊಂಕಾಗುವುದು ಅಪರೂಪ. ಹೆಚ್ಚಾಗಿ ಆಗುವುದು ದಪ್ಪದಲ್ಲಿ ಏರುಪೇರು. ಸುಮಾರು 0.02 ಮಿಲಿಮೀಟರ್, ಅಂದರೆ ಕೂದಲೆಳೆಗಿಂತಲೂ ಕಡಿಮೆ ವ್ಯತ್ಯಾಸವಿದ್ದರೂ ಪೆಡಲ್ ಮೇಲಿನ ಕಾಲಿಗೆ ಅದು ಗೊತ್ತಾಗಬಹುದು.

ಏರುಪೇರು ಬರುವುದು ಹೇಗೆ?

ಚಕ್ರದ ಹಬ್ ಮೇಲೆ ತುಕ್ಕು ಕೂತಿದ್ದರೆ ಅಥವಾ ನಟ್‌ಗಳನ್ನು ಒಂದೇ ಸಮನಾಗಿ ಬಿಗಿದಿಲ್ಲದಿದ್ದರೆ ಡಿಸ್ಕ್ ತುಸು ಓರೆಯಾಗಿ ಕೂರುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ಜಾಗ ಪ್ಯಾಡ್‌ಗೆ ತಾಗಿ ಸವೆಯುತ್ತದೆ. ಇನ್ನೊಂದು ಕಾರಣ, ಘಾಟಿ ಇಳಿದು ಕೆಂಡದಂತೆ ಕಾದ ಬ್ರೇಕನ್ನು ಒತ್ತಿ ಹಿಡಿದೇ ನಿಲ್ಲುವುದು. ಆಗ ಪ್ಯಾಡ್‌ನ ವಸ್ತು ಡಿಸ್ಕ್‌ನ ಒಂದೇ ಕಡೆ ಅಂಟಿಕೊಳ್ಳಬಹುದು.

ಹಾಗಾದರೆ ಲೇತ್ ಬೇಡವೇ?

ಲೇತ್ ಎರಡೂ ಮುಖಗಳನ್ನು ತೆಳುವಾಗಿ ಹೆರೆದು ಸಮ ಮಾಡುತ್ತದೆ, ನಡುಕವೂ ನಿಲ್ಲುತ್ತದೆ. ಆದರೆ ಹಬ್ ಸ್ವಚ್ಛ ಮಾಡದೆ ಅದೇ ಡಿಸ್ಕ್ ಕೂರಿಸಿದರೆ ಕೆಲವು ಸಾವಿರ ಕಿಲೋಮೀಟರ್‌ಗಳಲ್ಲಿ ನಡುಕ ಮರಳಬಹುದು. ಪ್ಯಾಡ್ ಬದಲಿಸಿದಾಗಲೆಲ್ಲ ಲೇತ್ ಕಡ್ಡಾಯ ಎಂಬುದೂ ಸರಿಯಲ್ಲ. ಡಿಸ್ಕ್ ನಯವಾಗಿದ್ದು, ನಡುಕವಿಲ್ಲದೆ, ದಪ್ಪ ಸಾಕಷ್ಟಿದ್ದರೆ ಸಾಮಾನ್ಯವಾಗಿ ಹೊಸ ಪ್ಯಾಡ್ ಸಾಕು.

ಮುಖ್ಯ ಅಪಾಯ ಇರುವುದು ದಪ್ಪದಲ್ಲಿ. ಪ್ರತಿ ಬಾರಿ ಹೆರೆದಾಗಲೂ ಬಿಸಿಯನ್ನು ಹೀರಿಕೊಳ್ಳುವ ಕಬ್ಬಿಣ ಕಡಿಮೆಯಾಗುತ್ತದೆ. ತೆಳುವಾದ ಡಿಸ್ಕ್ ಬೇಗ ಕಾಯುತ್ತದೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳ ಇಳಿಜಾರಿನಲ್ಲಿ ಬ್ರೇಕ್ ಅತಿಯಾಗಿ ಕಾದರೆ, ಎಷ್ಟು ಒತ್ತಿದರೂ ಹಿಡಿತ ಕಡಿಮೆಯಾಗುತ್ತದೆ. ಅದಕ್ಕೇ ಡಿಸ್ಕ್‌ನ ಕನಿಷ್ಠ ದಪ್ಪವನ್ನು ತಯಾರಕರು ನಿಗದಿಪಡಿಸಿರುತ್ತಾರೆ. ಸಾಮಾನ್ಯವಾಗಿ ಅದನ್ನು ಡಿಸ್ಕ್ ಮೇಲೇ ಅಚ್ಚು ಹಾಕಿರುತ್ತಾರೆ. ಉದಾಹರಣೆಗೆ, 22 ಮಿಲಿಮೀಟರ್‌ನ ಹೊಸ ಡಿಸ್ಕ್‌ಗೆ 20 ಮಿಲಿಮೀಟರ್ ಮಿತಿ ಇದ್ದರೆ, ಸವೆತ ಮತ್ತು ಲೇತ್ ಎರಡಕ್ಕೂ ಸೇರಿ ಸಿಗುವುದು 2 ಮಿಲಿಮೀಟರ್ ಮಾತ್ರ.

ಆದ್ದರಿಂದ ಲೇತ್‌ಗೆ ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳೋಣ: ಮೈಕ್ರೊಮೀಟರ್‌ನಲ್ಲಿ ದಪ್ಪ ಅಳೆದಿರಾ? ಹೆರೆದ ಮೇಲೂ ಮಿತಿಗಿಂತ ಹೆಚ್ಚು ಉಳಿಯುತ್ತದೆಯೇ? ಹಬ್ ಸ್ವಚ್ಛ ಮಾಡುತ್ತೀರಾ? ಮಿತಿಗಿಂತ ತೆಳುವಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಡಿಸ್ಕ್ ಬದಲಿಸುವುದೇ ಸರಿ. ಲೇತ್‌ನಲ್ಲಿ ಉಳಿಸಿದ ಹಣ ಘಾಟಿಯ ತಿರುವಿನಲ್ಲಿ ನೆರವಿಗೆ ಬರುವುದಿಲ್ಲ.