ನಾನು ಮಾರಿದ ದಿನ ಕೊಂಡವರು ಯಾರು?

ಗೌರಿ ಹಬ್ಬದ ಊಟಕ್ಕೆ ಎಲ್ಲರೂ ಸಾಲಾಗಿ ಕೂತಿದ್ವಿ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಚಿಕ್ಕಪ್ಪನ ಮಗ ಮೆಲ್ಲಗೆ ಕೇಳಿದ: ‘ಅಣ್ಣ, ಆ ಆರು ರೂಪಾಯಿ ಷೇರು ಇನ್ನೂ ಇಟ್ಕೊಂಡಿದ್ದೀಯಾ? ನಾನು ಹೋದ ವಾರ ಮಾರಿಬಿಟ್ಟೆ.’ ತುತ್ತು ಗಂಟಲಲ್ಲೇ ನಿಂತಿತು. ನಾನದನ್ನು ಮಾರಿ ತಿಂಗಳ ಮೇಲಾಗಿತ್ತು.

ಶುರುವಾಗಿದ್ದು ಆಷಾಢದಲ್ಲಿ. ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಮೆಸೇಜ್ ಬಂತು: ‘ಶಾರ್ಟ್ ಮಾಡಿದವರು ಸಿಕ್ಕಿಹಾಕಿಕೊಂಡಿದ್ದಾರೆ, ದೊಡ್ಡ ಸ್ಕ್ವೀಜ್ ಬರ್ತಿದೆ.’ 6.20 ರೂಪಾಯಿಯಂತೆ 5,000 ಷೇರು ಕೊಂಡೆ. ಮರುದಿನದಿಂದ ದಿನಾ ಶೇ 5ರ ಅಪ್ಪರ್ ಸರ್ಕ್ಯೂಟ್. ಖುಷಿ ತಡೆಯಲಾಗದೆ ಅದೇ ಮೆಸೇಜನ್ನು ಮನೆಯವರ ಗುಂಪಿಗೂ ಕಳಿಸಿದೆ. ಏಳನೇ ದಿನ 8.60ಕ್ಕೆ ಎಲ್ಲವನ್ನೂ ಮಾರಿದೆ. 12,000 ರೂಪಾಯಿ ಲಾಭ. ಮಾರಿದ್ದನ್ನು ಮಾತ್ರ ಗುಂಪಿನಲ್ಲಿ ಹೇಳಲಿಲ್ಲ.

ಏನಿದು ಸ್ಕ್ವೀಜ್? ಬೆಲೆ ಇಳಿಯುತ್ತೆ ಅಂತ ನಂಬಿದವನು ಷೇರನ್ನು ಸಾಲ ತಂದು ಮಾರುತ್ತಾನೆ. ಇಳಿದ ಮೇಲೆ ಅಗ್ಗಕ್ಕೆ ಕೊಂಡು ವಾಪಸ್ ಕೊಡುತ್ತಾನೆ. ಅದೇ ಶಾರ್ಟ್. ಹತ್ತು ರೂಪಾಯಿ ಷೇರಿನಲ್ಲಿ ಅವನಿಗೆ ಸಿಗಬಹುದಾದ ಲಾಭ ಹೆಚ್ಚೆಂದರೆ ಹತ್ತೇ ರೂಪಾಯಿ. ಏರಿದರೆ ಮಾತ್ರ ನಷ್ಟಕ್ಕೆ ಮಿತಿಯೇ ಇಲ್ಲ. ಹೆದರಿ ಅವನೇ ಕೊಳ್ಳಲು ಓಡಿದಾಗ ಬೆಲೆ ಇನ್ನೂ ಏರುತ್ತದೆ.

ಅಮೆರಿಕದಲ್ಲಿ ಇದು ನಿಜವಾಗಿಯೂ ನಡೆಯಿತು. ಜನವರಿ 2021ರ ಆರಂಭದಲ್ಲಿ ಸುಮಾರು 17 ಡಾಲರ್ ಇದ್ದ ಗೇಮ್‌ಸ್ಟಾಪ್, 28ರಂದು 483 ಡಾಲರ್ ಮುಟ್ಟಿತು. ಶಾರ್ಟ್ ಮಾಡಿದ್ದ ಮೆಲ್ವಿನ್ ಕ್ಯಾಪಿಟಲ್ ಆ ಒಂದೇ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿತು. ಮರುವರ್ಷ ಅಂಗಡಿ ಮುಚ್ಚುವುದಾಗಿ ಹೇಳಿತು. ‘ಸಾಮಾನ್ಯ ಜನ ಗೆದ್ದರು’ ಅಂತ ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಆದರೆ ಫೆಬ್ರವರಿ 4ಕ್ಕೆ ಬೆಲೆ 54 ಡಾಲರ್‌ಗಿಂತ ಕೆಳಗಿತ್ತು. ಮುನ್ನೂರು, ನಾನೂರಕ್ಕೆ ಕೊಂಡವರೂ ಸಾಮಾನ್ಯ ಜನರೇ.

ಅದೇ ವಾರದ ಇನ್ನೊಂದು ಕಥೆ ನನಗೆ ಹೆಚ್ಚು ಕಾಡುತ್ತದೆ. ಕಾಸ್ ಅನ್ನೋದು ಹೆಡ್‌ಫೋನ್ ಮಾಡುವ ಸಣ್ಣ ಕಂಪನಿ. ಮೂರು ಡಾಲರ್ ಚಿಲ್ಲರೆಯ ಷೇರು ನೂರು ಡಾಲರ್ ದಾಟಿತು. ಕಂಪನಿಯ ಮೇಲಿನವರು ಮತ್ತು ಕುಟುಂಬದವರು 4.4 ಕೋಟಿ ಡಾಲರ್‌ನಷ್ಟು ಷೇರು ಮಾರಿದರು. ಇದು ಆ ಕಂಪನಿಯ ವರ್ಷದ ಮಾರಾಟದ ಎರಡು ಪಟ್ಟಿಗಿಂತ ಹೆಚ್ಚು! ಬಾಗಿಲ ಹತ್ತಿರವೇ ಕೂತಿದ್ದವರು ಮೊದಲು ಹೊರಗೆ ಬಂದರು, ಅಷ್ಟೇ.

ನಮ್ಮಲ್ಲಿ? ನನಗೆ ಗೊತ್ತಿರಬೇಕಾಗಿದ್ದ ಸಂಗತಿ ಇದು: ನಮ್ಮ ಮಾರುಕಟ್ಟೆಯಲ್ಲಿ ಸಾಮಾನ್ಯ ಹೂಡಿಕೆದಾರ ಶಾರ್ಟ್ ಮಾಡಿದರೆ ಅದೇ ದಿನ ಲೆಕ್ಕ ಮುಗಿಸಬೇಕು. ಮುಂದಿನ ದಿನಕ್ಕೆ ಒಯ್ಯಬೇಕಾದರೆ ಫ್ಯೂಚರ್ಸ್ ಬೇಕು ಅಥವಾ ಷೇರು ಸಾಲ ಸಿಗಬೇಕು. ಎರಡೂ ಆಯ್ದ ಷೇರುಗಳಿಗೆ ಮಾತ್ರ. ಆರು ರೂಪಾಯಿಯ ಷೇರಿನಲ್ಲಿ ವಾರಗಟ್ಟಲೆ ‘ಸಿಕ್ಕಿಹಾಕಿಕೊಳ್ಳಲು’ ಯಾರೂ ಇರುವುದೇ ಇಲ್ಲ ಕಣ್ರೀ. ಮೊದಲೇ ಕಡಿಮೆ ಬೆಲೆಗೆ ತುಂಬಿಕೊಂಡ ಆಪರೇಟರ್ ಇರುತ್ತಾನೆ, ಅವನು ಹಬ್ಬಿಸಿದ ಮೆಸೇಜ್ ಇರುತ್ತದೆ, ಕೊಳ್ಳಲು ನಾವಿರುತ್ತೇವೆ. ಯಾರು ಗೆದ್ದರೂ ಸೋತರೂ ಬ್ರೋಕರ್‌ಗೆ ಶುಲ್ಕ, ಸರ್ಕಾರಕ್ಕೆ ತೆರಿಗೆ ಖಾತ್ರಿ.

ತಮ್ಮ ಕೊಂಡಿದ್ದು ನಾನು ಮಾರಿದ ದಿನವೇ, 8.60ಕ್ಕೇ. 4,000 ಷೇರು. ಬೈಕಿನ ಡೌನ್ ಪೇಮೆಂಟ್‌ಗೆ ಇಟ್ಟಿದ್ದ ದುಡ್ಡು. ಎರಡು ದಿನ ಏರಿತು, ಆಮೇಲೆ ಲೋವರ್ ಸರ್ಕ್ಯೂಟ್. ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೇ ಮಾರಾಟದ ಆರ್ಡರ್ ಹಾಕಿ ಕಾಯುತ್ತಿದ್ದನಂತೆ. ಪರದೆಯ ಮೇಲೆ ಮಾರುವವರು ಲಕ್ಷಗಟ್ಟಲೆ, ಕೊಳ್ಳುವವರ ಜಾಗದಲ್ಲಿ ಸೊನ್ನೆ. ಸ್ಟಾಪ್ ಲಾಸ್ ಹಾಕಿದ್ದರೂ ಕೊಳ್ಳುವವನೇ ಇಲ್ಲದಿದ್ದರೆ ಅದು ಕೆಲಸಕ್ಕೆ ಬರಲ್ಲ. ಕೊನೆಗೆ 4.10ಕ್ಕೆ ಕೈಬಿಟ್ಟ. 18,000 ರೂಪಾಯಿ ಹೋಯಿತು.

ಆ ದಿನ ನನ್ನ ಷೇರು ಅವನ ಖಾತೆಗೇ ಹೋಯಿತೋ ಇಲ್ಲವೋ, ಅದನ್ನು ತಿಳಿಯುವ ದಾರಿ ಇಲ್ಲ. ತಿಳಿದು ಆಗಬೇಕಾದ್ದೂ ಇಲ್ಲ. ಕಂಪನಿಯ ವ್ಯಾಪಾರ ಒಂದು ಪೈಸೆಯೂ ಬೆಳೆಯದಿದ್ದಾಗ, ನನ್ನ 12,000 ಯಾರದೋ ಜೇಬಿನಿಂದಲೇ ಬರಬೇಕಲ್ಲ? ಆ ‘ಯಾರದೋ’ ಮುಖವನ್ನು ಎಲೆಯ ಪಕ್ಕದಲ್ಲೇ ನೋಡುವ ಹಾಗಾಯಿತು.

ಅವತ್ತು ರಾತ್ರಿ 12,000 ರೂಪಾಯಿ ಅವನಿಗೆ ಫೋನ್‌ಪೇ ಮಾಡಿದೆ. ಹತ್ತು ನಿಮಿಷದಲ್ಲಿ ವಾಪಸ್ ಬಂತು, ಜೊತೆಗೆ ಒಂದು ಸಾಲು: ‘ದುಡ್ಡು ಬೇಡ ಅಣ್ಣ. ಮಾರಿದ ದಿನ ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತು.’

ನೀವೂ ಇಂಥ ಮೆಸೇಜ್ ನೋಡಿರುತ್ತೀರಿ. ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಮಾರುವ ದಿನ ಇದನ್ನು ಕೊಳ್ಳುವವರು ಯಾರು, ಯಾಕೆ ಕೊಳ್ತಾರೆ? ಉತ್ತರ ‘ಇನ್ನೊಬ್ಬ ನನ್ನಂಥವನು’ ಅಂತಾದರೆ ಫೋನ್ ಕೆಳಗಿಡಿ. ಇಡೋಕೆ ಆಗಲ್ವಾ? ಕನಿಷ್ಠ ಆ ಮೆಸೇಜನ್ನು ಮನೆಯವರಿಗೆ ಕಳಿಸಬೇಡಿ.