ರಕ್ತದ ಲೆಕ್ಕ, ಕೂಲಿಯ ಲೆಕ್ಕ



ಎಚ್‌ಐವಿ ಅಂದ ಕೂಡಲೆ ನಮ್ಮ ಚನ್ನಗಿರಿ ಸುತ್ತಿನ ಹಳ್ಳಿಗಳಲ್ಲಿ ಜನ ದನಿ ತಗ್ಗಿಸುತ್ತಾರೆ. ಅವರವರ ಕರ್ಮ ಅಂತಾರೆ. ಈ ಮಾತು ನಮಗೆ ಹೊಸದಲ್ಲ. ನಮ್ಮನ್ನು ಊರ ಹೊರಗೆ ಇಟ್ಟಾಗಲೂ ಇದನ್ನೇ ಹೇಳಿದ್ದರು. ಆದ್ದರಿಂದ ಕರ್ಮದ ಮಾತು ಬಿಟ್ಟು ರಕ್ತದ ಮಾತು ಆಡೋಣ.

ನಮ್ಮ ರಕ್ತದಲ್ಲಿ ಸಿಡಿ4 ಅನ್ನೋ ಬಿಳಿ ಕಣಗಳಿವೆ. ರೋಗ ಬಂದಾಗ ಮೈಯ ಕಾವಲನ್ನು ಎಬ್ಬಿಸಿ ನಿಲ್ಲಿಸುವುದು ಇವೇ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಇರುತ್ತವೆ. ಎಚ್‌ಐವಿ ವೈರಸ್ಸು ಈ ಕಣಗಳ ಒಳಹೊಕ್ಕು, ಅಲ್ಲೇ ಬೆಳೆದು ಹೆಚ್ಚಿ, ಅವನ್ನೇ ಕೊಲ್ಲುತ್ತದೆ. ಲೆಕ್ಕ 200ಕ್ಕಿಂತ ಕೆಳಗಿಳಿದರೆ ಅದು ಏಡ್ಸ್. ಆಗ ಟಿಬಿಯಂಥ ರೋಗಗಳು ಸುಲಭವಾಗಿ ಮೇಲೆ ಬೀಳುತ್ತವೆ.

ಎಆರ್‌ಟಿ ಮಾತ್ರೆ ಹೊಸ ಕಣಗಳನ್ನು ತಂದು ಸುರಿಯೋದಿಲ್ಲ. ವೈರಸ್ಸು ಹೆಚ್ಚೋದನ್ನ ತಡೀತದೆ, ಅಷ್ಟೆ. ಕೊಲ್ಲುವವನ ಕೈ ಕಟ್ಟಿದರೆ ಮೈ ತನ್ನ ಕಣಗಳನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಮೊದಲ ಕೆಲವು ತಿಂಗಳು ಬೇಗ ಏರುತ್ತದೆ, ಆಮೇಲೆ ನಿಧಾನ. ಮೊದಲ ವರ್ಷದಲ್ಲಿ ಸಾಮಾನ್ಯವಾಗಿ 50ರಿಂದ 150ರಷ್ಟು ಏರಿಕೆ. ಆದರೆ ತೀರಾ ಕೆಳಗಿಳಿದ ಮೇಲೆ ಮಾತ್ರೆ ಶುರು ಮಾಡಿದ ಕೆಲವರಿಗೆ ವರ್ಷಗಟ್ಟಲೆ ನುಂಗಿದರೂ 500 ಮುಟ್ಟುವುದಿಲ್ಲ.

ನಮ್ಮ ದೇಶದಲ್ಲಿ ಸರ್ಕಾರ ಪುಕ್ಕಟೆ ಎಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಅಲ್ಲಿವರೆಗೆ ದುಡ್ಡಿದ್ದವರು ಕೊಂಡು ಬದುಕಿದರು, ಇಲ್ಲದವರು ಸತ್ತರು. ಶುರುವಾದ ಮೇಲೂ ಬಹುಪಾಲು ಜನಕ್ಕೆ 200ಕ್ಕಿಂತ ಇಳಿಯೋವರೆಗೆ ಕಾಯಿರಿ ಅಂದರು. ಕಾಯೋದು ತಪ್ಪು ಅಂತ 2015ರಲ್ಲಿ ದೊಡ್ಡ ಅಧ್ಯಯನವೊಂದು ತೋರಿಸಿತು: 500ರ ಮೇಲಿದ್ದಾಗಲೇ ಶುರು ಮಾಡಿದವರಿಗೆ ಗಂಭೀರ ಕಾಯಿಲೆ ಅರ್ಧಕ್ಕಿಂತ ಹೆಚ್ಚು ತಗ್ಗಿತು. 2017ರಿಂದ ನಮ್ಮಲ್ಲೂ ಲೆಕ್ಕ ಎಷ್ಟೇ ಇರಲಿ, ಸೋಂಕು ಗೊತ್ತಾದ ಎಲ್ಲರಿಗೂ ಮಾತ್ರೆ.

ಲೆಕ್ಕ ಏರಿತು, ಇನ್ನು ಸಾಕು ಅಂತ ಬಿಟ್ಟರೆ? 2006ರಲ್ಲಿ ಅದೂ ಗೊತ್ತಾಯಿತು. ಲೆಕ್ಕ ಚೆನ್ನಾಗಿದೆ ಅಂತ ಮಾತ್ರೆ ನಿಲ್ಲಿಸಿದವರಲ್ಲಿ ರೋಗ ಇಲ್ಲವೇ ಸಾವಿನ ಅಪಾಯ ಇಮ್ಮಡಿಗಿಂತ ಹೆಚ್ಚಾಯಿತು. ಬಿಟ್ಟು ಬಿಟ್ಟು ನುಂಗಿದರೆ ವೈರಸ್ಸು ಔಷಧಿಗೇ ಬಗ್ಗದಂತಾಗುತ್ತದೆ. ಅಂದರೆ ದಿನಾ ನುಂಗಬೇಕು, ಬದುಕಿರೋವರೆಗೂ.

ಇಲ್ಲಿಂದ ನಮ್ಮ ಪ್ರಶ್ನೆ ಶುರು. ಮಾತ್ರೆ ಬಿಟ್ಟವರನ್ನು ಬೇಜವಾಬ್ದಾರಿಯವರು ಅಂತಾರೆ. ಅಡಿಕೆ ತೋಟದ ಕೂಲಿ ಹೆಂಗಸು ಒಂದು ದಿನ ದಾವಣಗೆರೆಗೆ ಹೋಗಿ ಬಂದರೆ ಆ ದಿನದ ಕೂಲಿ ಯಾರು ಕೊಡ್ತಾರೆ? 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಸರಿ. ಕೂಲಿ ಪುಕ್ಕಟೆ ಬರುತ್ತಾ? ಕಾಫಿ ಸೀಮೆಗೆ ಗುಳೆ ಹೋದವನು ಎಸ್ಟೇಟಿನ ಲೈನಿನಲ್ಲಿ ಹತ್ತು ಜನರ ಮಧ್ಯೆ ಡಬ್ಬಿ ಎಲ್ಲಿ ಬಚ್ಚಿಡಬೇಕು? ವೈರಸ್ಸಿಗೆ ಜಾತಿ ಗೊತ್ತಿಲ್ಲ. ಮಾತ್ರೆ ಬರುವ ದಾರಿಗೆ ಗೊತ್ತಿದೆ.

ಇನ್ನೊಂದು ಮಾತು. ದೇವರ ಹೆಸರಲ್ಲಿ ಮುತ್ತು ಕಟ್ಟಿ ನಮ್ಮ ಹೆಣ್ಣುಮಕ್ಕಳನ್ನು ಊರಿನ ಸೊತ್ತು ಮಾಡಿದರು. 1982ರಲ್ಲಿ ಕರ್ನಾಟಕ ಅದರ ವಿರುದ್ಧ ಕಾಯ್ದೆ ಮಾಡಿತು. ಮುತ್ತು ಕಟ್ಟಿಸಿದವರು ಮಾನವಂತರಾಗೇ ಉಳಿದರು, ರೋಗ ಹೊತ್ತ ಆ ತಾಯಂದಿರು ಪಾಪಿಗಳಾದರು. ಇದೆಂಥ ನ್ಯಾಯ?

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಸೋಂಕಿದೆ ಅಂತ ಕೆಲಸ, ಬಾಡಿಗೆ ಮನೆ, ಶಾಲೆ, ಚಿಕಿತ್ಸೆ ನಿರಾಕರಿಸುವಂತಿಲ್ಲ. ಒಪ್ಪಿಗೆ ಇಲ್ಲದೆ ಅವರ ವಿಷಯ ಬಯಲು ಮಾಡುವಂತಿಲ್ಲ. ಇದನ್ನು ಕೇರಿ ಕೇರಿಗೆ ಹೇಳಬೇಕು. ಕೂಲಿಯವರಿಗೆ ಮಾತ್ರೆ ಅವರ ಹತ್ತಿರದ ಆಸ್ಪತ್ರೆಯಲ್ಲೇ ಸಿಗಬೇಕು, ಗುಳೆ ಹೋಗುವವರಿಗೆ ಹಲವು ತಿಂಗಳದ್ದು ಒಟ್ಟಿಗೆ ಕೊಡಬೇಕು, ಹೋದ ದಿನದ ಕೂಲಿ ತುಂಬಿಕೊಡಬೇಕು. ಇದು ಭಿಕ್ಷೆಯಲ್ಲ, ಹಕ್ಕು.

ಗೆಳೆಯರೇ, ಅನುಮಾನವಿದ್ದರೆ ಇವತ್ತೇ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಕಾಸಿಲ್ಲ. ಮಾತ್ರೆ ನುಂಗುವವರ ಜೊತೆ ಕೂತು ಉಣ್ಣಿ. ಅವರ ಲೆಕ್ಕ ಏರುವುದು ನಮ್ಮ ಲೆಕ್ಕವೂ ಹೌದು.

ಜೈ ಭೀಮ್.