ಶಕ್ತಿಯ ಡಬ್ಬಿ, ನಿದ್ದೆಗೇಡು

ಸಕ್ಕರೆ ಕಾಯಿಲೆ, ರಕ್ತದೊತ್ತಡವಿರುವ ಹಿರಿಯರ ಮನೆಗೆ ಹೋದಾಗ ಈಚೆಗೆ ನಾವು ಪದೇ ಪದೇ ಕೇಳುವ ಮಾತು: "ಫಾದರ್, ರಾತ್ರಿ ಎರಡಾದರೂ ಕಣ್ಣು ಮುಚ್ಚುವುದಿಲ್ಲ, ಎದೆ ಡವಡವ ಎನ್ನುತ್ತದೆ."

ಮೇಜಿನ ಮೇಲೆ ನೋಡಿದರೆ ವೈದ್ಯರು ಬರೆದ ಗುಳಿಗೆಗಳ ಪಕ್ಕದಲ್ಲೇ, ಮಕ್ಕಳು ಗಲ್ಫಿನಿಂದ ಕಳುಹಿಸಿದ ಶಕ್ತಿವರ್ಧಕ ಕ್ಯಾಪ್ಸೂಲಿನ ಡಬ್ಬಿ! ಪ್ರೀತಿಯಿಂದ ಕಳುಹಿಸಿದ್ದೇ, ಸಂಶಯವಿಲ್ಲ. ಆದರೆ ಇಂಥ ಕೆಲವು ಡಬ್ಬಿಗಳಲ್ಲಿ ಜಿನ್ಸೆಂಗ್ ಬೇರು, ಗ್ವಾರಾನಾ ಬೀಜದ ಸಾರ ಇರುತ್ತದೆ. ಬ್ರೆಜಿಲಿನ ಈ ಬೀಜದಲ್ಲಿ ಕಾಫಿ ಬೀಜಕ್ಕಿಂತಲೂ ಹೆಚ್ಚು ಕೆಫೀನ್. ನುಂಗಿ 5 ಗಂಟೆ ಕಳೆದರೂ ಸುಮಾರು ಅರ್ಧದಷ್ಟು ಶರೀರದಲ್ಲೇ ಉಳಿದಿರುತ್ತದೆ. ಸಂಜೆಯ ಕಾಫಿ ಬಿಟ್ಟವರು ರಾತ್ರಿ ಊಟದ ಮೇಲೆ ಇದನ್ನು ನುಂಗಿದರೆ ನಿದ್ದೆ ಎಲ್ಲಿಂದ ಬರಬೇಕು? ಜಿನ್ಸೆಂಗ್ ನಿದ್ದೆ ಕೆಡಿಸುವುದಲ್ಲದೆ, ಸಕ್ಕರೆ ಕಾಯಿಲೆಯ ಔಷಧಿಯೊಡನೆ ಸೇರಿ ಸಕ್ಕರೆಯನ್ನು ಅತಿಯಾಗಿ ಇಳಿಸಲೂಬಹುದು.

ಗದ್ದೆಗೆ ಯೂರಿಯಾ ಹೆಚ್ಚಾದರೆ ಪೈರು ಹಸಿರೆದ್ದು ಕೊನೆಗೆ ಮಲಗಿಬಿಡುವುದು ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ಶರೀರಕ್ಕೆ ಬೇರೆ ನ್ಯಾಯವೇ?

ನಿದ್ದೆಯ ಮಾತ್ರೆ ಕೇಳುವ ಮೊದಲು ಮನೆಯ ಡಬ್ಬಿ, ಟಾನಿಕ್, ಪುಡಿಗಳನ್ನೆಲ್ಲ ಚೀಲಕ್ಕೆ ಹಾಕಿ ವೈದ್ಯರಿಗೆ ತೋರಿಸಿ. ಬೈಯುತ್ತಾರೆಂದು ಅಡಗಿಸಬೇಡಿ. ಯಾವುದನ್ನು ಬಿಡಬೇಕು, ಯಾವುದನ್ನು ಬೆಳಿಗ್ಗೆಗೆ ಬದಲಿಸಬೇಕು ಎಂದು ಅವರೇ ಹೇಳಲಿ. ಅವರು ಬರೆದ ಗುಳಿಗೆಯನ್ನು ಮಾತ್ರ ನೀವಾಗಿ ನಿಲ್ಲಿಸಕೂಡದು.